ಪಿಕಪ್‌ಗೆ ಬಂದ ತೊಗಲಿನ ಸೀಟು

ಅಪ್ಪನ ಪಿಕಪ್ ಗಾಡಿಯ ಹಳೆಯ ಸೀಟಿನಲ್ಲಿ ಸ್ಪ್ರಿಂಗ್ ಎಷ್ಟು, ನಾರು ಎಷ್ಟು, ಮಡಚಿ ತುರುಕಿದ ಗೋಣಿಚೀಲ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟವಾಗಿತ್ತು. ರೆಕ್ಸಿನ್ ಹರಿದಲ್ಲೆಲ್ಲ ಅವ್ವ ದಬ್ಬಣದಿಂದ ಹೊಲಿದಿದ್ದಳು. ಹೊಲಿಗೆ ಬಿಚ್ಚಿದಲ್ಲಿ ಅಪ್ಪ ಟೇಪು ಸುತ್ತಿದ್ದ. ಎಡಬಲಕ್ಕೆ ಹಲಗೆಯಂತೆ ಚಾಚಿದ ಆ ಒಂದೇ ಸೀಟಿನ ಮೇಲೆ ಅವನ ದುಡಿಮೆಯ ವರ್ಷಗಳ ಬಹುಪಾಲು ಕಳೆದಿತ್ತು.

ಅಪ್ಪನದು ವೀಳ್ಯದೆಲೆ ಸಾಗಿಸುವ ಕೆಲಸ. ಹಂಸಭಾವಿಯ ಬಳಿಯ ನಮ್ಮೂರಿನಿಂದ ಕತ್ತಲಿರುವಾಗಲೇ ಹೊರಟರೆ ಸವಣೂರಿನ ಎಲೆತೋಟ ತಲುಪುವಾಗ ಬೆಳಕು ಹರಿದಿರುತ್ತದೆ. ಅಲ್ಲಿ ಎಲೆಯ ಪೆಂಡಿಗಳನ್ನು ಹೇರಿಕೊಂಡು ಶಿಗ್ಗಾವಿ, ಹಾನಗಲ್ಲಿನ ಅಂಗಡಿಗಳಿಗೆ ಇಳಿಸುತ್ತ ಹಿರೇಕೆರೂರಿಗೆ ಬರಬೇಕು. ಬಿಸಿಲು ಏರಿದರೆ ಎಲೆ ಬಾಡುತ್ತದೆ. ಆದ್ದರಿಂದ ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ. ಲಿಂಗಪೂಜೆಯಾಗದೆ ಅಪ್ಪ ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ತೋಟದವರು ಹೇರುವಷ್ಟು ಹೊತ್ತಿನಲ್ಲಿ ಅವನು ಚಪ್ಪಲಿಯನ್ನು ಕೆಳಗೆ ಬಿಟ್ಟು, ಸ್ಟಿಯರಿಂಗಿನ ಇಕ್ಕಟ್ಟಿನಿಂದ ಎಡಕ್ಕೆ ಸರಿದು, ಸೀಟಿನ ಮೇಲೆಯೇ ಕಾಲು ಮಡಚಿ ಕೂತು ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುತ್ತಿದ್ದ. ಆಮೇಲೆ ಅಲ್ಲಿಯೇ ರೊಟ್ಟಿ. ಇದೆಲ್ಲ ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಹೋದ ವರ್ಷ ಅಪ್ಪನ ಸೊಂಟ ಹಿಡಿದುಕೊಂಡಿತು. ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನಾದ್ದರಿಂದ ಡಾಕ್ಟರ ಎದುರಿಗೆ ಮಾತಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಹೇಳಬೇಕಾದ ವಾಕ್ಯಗಳನ್ನು ಬಸ್ಸಿನಲ್ಲಿಯೇ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಹಾವೇರಿಯ ಡಾಕ್ಟರು ಅವನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಒಂದೋ ಸೀಟು ಬದಲಾಗಬೇಕು, ಇಲ್ಲವೇ ಗಾಡಿ ಓಡಿಸುವುದು ನಿಲ್ಲಬೇಕು. ನೆಲದ ಮೇಲೆ ಕೂತು ಏಳುವುದಂತೂ ಕೂಡದು ಎಂದರು. ಅಪ್ಪನ ಕಿವಿಗೆ ಬಿದ್ದದ್ದು ಸೀಟಿನ ಮಾತು ಮಾತ್ರ.

"ಸೀಟ್ ಬದಲ್ ಮಾಡಿದ್ರ ಆತಂತಲ್ಲ," ಎಂದ, ಹೊರಗೆ ಬರುತ್ತಿದ್ದಂತೆಯೇ.

"ಗಾಡಿ ಬಿಟ್ರೂ ಆಕ್ಕೈತಿ ಅಂದ್ರಪಾ."

"ಬಿಟ್ಟು? ಕುಂತಲ್ಲೇ ಉಣ್ಣಾಕ ನಾ ಏನ್ ಮಠದ ಗದ್ದಿಗಿ ಮ್ಯಾಲಿನ ಅಜ್ಜಾನೇನ?"

ಗಾಡಿ ಬಿಟ್ಟ ದಿನ ಅಪ್ಪ ಹಾಸಿಗೆ ಹಿಡಿಯುತ್ತಾನೆಂಬ ಭಯ ನನಗಿತ್ತು. ಅವ್ವನಿಗೂ ಇತ್ತು. ಅದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ.

ಹೊಸ ಸೀಟು ನಮ್ಮ ಗಾಡಿಗೆ ಸಿಗುವಂಥದ್ದಲ್ಲ; ಆ ಗಾಡಿಯೇ ಈಗ ತಯಾರಾಗುವುದಿಲ್ಲ. ನಾನು ಪಾಠ ಮಾಡುವ ಕಾಲೇಜಿಗೆ ರಜೆಯಿದ್ದ ದಿನ ಅಪ್ಪನ ಜೊತೆ ಶಿಗ್ಗಾವಿಯ ಹೆದ್ದಾರಿ ಬದಿಯ ಗುಜರಿಗೆ ಹೋದೆ. ಅಪಘಾತದಲ್ಲಿ ಮೂತಿ ಜಜ್ಜಿಹೋದ ದೊಡ್ಡ ಕಾರೊಂದರ ಎರಡು ಸೀಟುಗಳನ್ನು ಅಲ್ಲಿ ಬಿಚ್ಚಿ ಬಿಸಿಲಿಗಿಟ್ಟಿದ್ದರು. ಗುಜರಿಯ ಸಾಹೇಬರು ತಮ್ಮ ಟವೆಲ್ಲಿನಿಂದ ಧೂಳು ಒರೆಸಿದರು. ಒಳಗಿನಿಂದ ಕಡುಕಂದು ಬಣ್ಣ ಎದ್ದು ಬಂತು.

"ಅಸಲಿ ತೊಗಲ ಐತ್ರಿ. ಹಾತ್ ಲಗಾಕೆ ನೋಡ್ರಿ ಮೇಡಂ. ಕುಂತವ್ರು ಏಳೂದಿಲ್ಲ."

"ಏಳದಿದ್ರ ಎಲಿ ಇಳಸವ್ರು ಯಾರ್ರಿ?" ಎಂದ ಅಪ್ಪ.

ಸಾಹೇಬರು ನಕ್ಕರು. "ಕುಂತ ನೋಡ್ರಿ ಕಾಕಾ, ಕುಂದ್ರಾಕ ರೊಕ್ಕಿಲ್ಲ."

ತುಕ್ಕು ಹಿಡಿದ ಬಾಗಿಲುಗಳ ನಡುವೆ, ನೆಲದ ಮೇಲಿದ್ದ ಆ ಸೀಟಿನಲ್ಲಿ ಅಪ್ಪ ಮೆಲ್ಲಗೆ ಕೂತ. ಬೆನ್ನನ್ನು ಹಿಂದಕ್ಕೆ ಒರಗಿಸಿದ. ಎಷ್ಟೋ ತಿಂಗಳಿಂದ ಅವನ ಹುಬ್ಬುಗಳ ನಡುವೆ ನಿಂತಿದ್ದ ಗಂಟು ಸಡಿಲವಾದದ್ದನ್ನು ನಾನು ನೋಡಿದೆ. ಅವನು ಕಣ್ಣು ಮುಚ್ಚಿದ. ನಾನು ಅಳತೆಯ ಟೇಪನ್ನು ಚೀಲದಿಂದ ತೆಗೆದೆ. ಅಗಲ, ಎತ್ತರ, ಬೋಲ್ಟಿನ ತೂತುಗಳ ಅಂತರ, ಎಲ್ಲವನ್ನೂ ಅಳೆದೆ. ತಪ್ಪಾಗಬಾರದೆಂದು ಮತ್ತೊಮ್ಮೆ ಅಳೆದೆ. ಎರಡೂ ಸೀಟುಗಳನ್ನು ಕೊಂಡೆವು.

ಹಿರೇಕೆರೂರಿನ ಗ್ಯಾರೇಜಿನ ಮಿಸ್ತ್ರಿ ಹಳೆಯ ಸೀಟನ್ನು ಎತ್ತಿ ಹೊರಗೆಸೆದಾಗ ಅದರ ಕೆಳಗೆ ಒಣಗಿದ ಎಲೆ, ಅಡಿಕೆ ಚೂರು, ನನ್ನ ಶಾಲೆಯ ಕಾಲದ ಹೇರ್‌ಪಿನ್ನು ಸಿಕ್ಕವು. ತೂತುಗಳು ಕೂಡಲಿಲ್ಲ. ಅವರು ಕಬ್ಬಿಣದ ಪಟ್ಟಿ ಅಡ್ಡಕ್ಕಿಟ್ಟು ವೆಲ್ಡಿಂಗ್ ಮಾಡಿದರು. ಸೀಟು ತಗ್ಗಾಗಿ ರಸ್ತೆ ಕಾಣದೆಹೋಯಿತು. ಪಟ್ಟಿ ಕಿತ್ತು, ಎತ್ತರಿಸಿ, ಮತ್ತೆ ಕೂಡಿಸಿದರು. ಆಗ ಕ್ಲಚ್ಚಿಗೆ ಕಾಲು ನಿಲುಕಲಿಲ್ಲ. ಅದನ್ನೂ ಸರಿಪಡಿಸುವಷ್ಟರಲ್ಲಿ ಸಂಜೆಯಾಗಿತ್ತು. ಗಾಡಿಯ ಮೈ ತುಂಬ ತಗಡಿನ ತೇಪೆ, ಒಳಗೆ ಮಾತ್ರ ಯಾರದೋ ಮದುವೆಮನೆಯ ಸೋಫಾ.

ಮಿಸ್ತ್ರಿ ಅಪ್ಪನಿಗೆ ಕೈ ಮುಗಿದರು. "ಬರ್ರಿ ಅಜ್ಜಾರ, ಪೀಠಾರೋಹಣ ಆಗ್ಲಿ."

"ಕಾಲಿಗೆ ಬೀಳು, ವಿಭೂತಿ ಕೊಡ್ತೇನಿ," ಎಂದ ಅಪ್ಪ. ಅವನು ಹಾಗೆ ತಮಾಷೆ ಮಾಡಿ ಬಹಳ ದಿನಗಳಾಗಿದ್ದವು.

ಮರುದಿನ ರಜೆ ಹಾಕಿ ನಾನೂ ಅವನ ಜೊತೆ ಸವಣೂರಿಗೆ ಹೊರಟೆ. ದಾರಿಯುದ್ದಕ್ಕೂ ಗುಂಡಿಗಳಿದ್ದವು, ಅಪ್ಪ ಒಮ್ಮೆಯೂ ನರಳಲಿಲ್ಲ. ತೋಟ ತಲುಪಿದಾಗ ಎಂದಿನಂತೆ ಪೆಂಡಿ ಹೇರತೊಡಗಿದರು. ಅಪ್ಪ ಚಪ್ಪಲಿ ಬಿಟ್ಟ, ತಂಬಿಗೆಯ ನೀರಿನಿಂದ ಕೈ ತೊಳೆದ, ಕೊರಳಿನಲ್ಲಿದ್ದ ಲಿಂಗದ ಕರಡಿಗೆಗೆ ಕೈ ಹಾಕಿದ. ಅಲ್ಲಿಗೇ ನಿಂತ. ಸೀಟನ್ನು ನೋಡಿದ. ಅಂಗೈಯಿಂದ ಅದನ್ನು ಒಮ್ಮೆ ಸವರಿ, ಮತ್ತೆ ಕೈ ತೊಳೆದುಕೊಂಡ.

"ಇದು ತೊಗಲ ಐತಲ್ಲ, ತಂಗಿ."

ನನಗೆ ಆಗ ತಿಳಿಯಿತು. ಗುಜರಿಯಲ್ಲಿ ಸಾಹೇಬರು ಅಸಲಿ ತೊಗಲೆಂದು ಬಾಯಿ ತುಂಬ ಹೇಳಿದ್ದರು; ಅಪ್ಪನೂ ಕೇಳಿದ್ದ, ನಾನೂ ಕೇಳಿದ್ದೆ. ಇಬ್ಬರೂ ಅದನ್ನು ಸೀಟಿನ ಹೆಚ್ಚುಗಾರಿಕೆಯೆಂದೇ ತಿಳಿದಿದ್ದೆವು. ಆ ಸೀಟು ಅವನ ಪೂಜೆಯ ಮಣೆಯೂ ಹೌದೆಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

"ಟವೆಲ್ ಹಾಸಿಕೊಂಡ್ರ ಆಗೂದಿಲ್ಲೇನಪಾ?"

"ಟವೆಲ್ ತೆಳಗ ಏನೈತಿ?"

"ಚಪ್ಪಲಿನೂ ತೊಗಲಿಂದ ಅಲ್ಲೇನು?"

"ಚಪ್ಪಲಿ ಬಿಟ್ಟು ಕುಂದರ್ತೇನಿ. ಸೀಟ್ ಬಿಟ್ಟು ಹೆಂಗ ಕುಂದರ್ಲಿ?"

ಅವನು ಗಾಡಿಯಿಂದ ಇಳಿದು, ಬೇಲಿಯ ಬದಿಗೆ ಗೋಣಿಚೀಲ ಹಾಸಿ ನೆಲದ ಮೇಲೆ ಕೂತ. ಡಾಕ್ಟರು ಬೇಡವೆಂದದ್ದು ಅದನ್ನೇ. ಪೂಜೆ ಮುಗಿಯಿತು, ರೊಟ್ಟಿಯೂ ಮುಗಿಯಿತು. ಏಳಲು ಹೋದವನು ಅರ್ಧಕ್ಕೆ ನಿಂತುಬಿಟ್ಟ. ಒಂದು ಕೈ ನೆಲಕ್ಕೆ, ಒಂದು ಕೈ ಸೊಂಟಕ್ಕೆ. ತೋಟದವರೊಬ್ಬರು ಪೆಂಡಿ ಬಿಟ್ಟು ಓಡಿ ಬಂದರು. ನಾವಿಬ್ಬರೂ ಬಗಲಿಗೆ ಕೈ ಕೊಟ್ಟು ಎಬ್ಬಿಸಿದೆವು. ಅವನು ನಮ್ಮ ಮುಖ ನೋಡಲಿಲ್ಲ.

ಮರಳಿ ಬರುವಾಗ ಹಾನಗಲ್ಲಿನವರೆಗೂ ನಾನು ಮೊಬೈಲಿನಲ್ಲಿ ಹುಡುಕುತ್ತ ಕೂತಿದ್ದೆ. ಇಂಥ ಎಷ್ಟೋ ಕಾರಿನ ಸೀಟುಗಳಲ್ಲಿ ಮೈ ತಾಗುವ ಭಾಗ ಮಾತ್ರ ತೊಗಲು, ಬದಿಯದು ರೆಕ್ಸಿನ್ ಎಂದು ಒಂದು ಕಡೆ ಬರೆದಿತ್ತು. ಅದನ್ನು ಓದಿ ಹೇಳಿದೆ. ಅಪ್ಪ ಗೇರು ಬದಲಿಸಿದ.

"ಅರ್ಧಾ ಮಡಿ ಅಂತ ಇರ್ತೈತೇನ ತಂಗಿ?"

ಮಡಿಯೆಂಬುದೇ ನಮ್ಮ ಧರ್ಮಕ್ಕೆ ಸಲ್ಲದೆಂದು ನಾನು ಓದಿದ್ದೇನೆ. ತರಗತಿಯಲ್ಲಿ ಅದನ್ನು ಪಾಠವಾಗಿಯೂ ಹೇಳುತ್ತೇನೆ. ಹಾನಗಲ್ಲಿನ ಅಂಗಡಿಯೆದುರು, ಸೊಂಟಕ್ಕೆ ಕೈಯಿಟ್ಟು ಪೆಂಡಿ ಇಳಿಸುತ್ತಿದ್ದವನಿಗೆ ಆ ಪಾಠ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಆ ರಾತ್ರಿ ಅವ್ವ ಬಿಸಿ ಉಪ್ಪಿನ ಗಂಟಿನಿಂದ ಅವನ ಸೊಂಟಕ್ಕೆ ಶಾಖ ಕೊಡುತ್ತಿದ್ದಾಗ, ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ಗಾಡಿ ಕೊಟ್ಟ ಬಿಡೂಣು."

ಅವ್ವನ ಕೈ ನಿಂತಿತು. ಉಪ್ಪು ಆರಿದ ಮೇಲೆ ಅವ್ವ ಗಂಟನ್ನು ಬದಿಗಿಟ್ಟು, ಕಂದೀಲು ಹಿಡಿಯುವವಳಂತೆ ಮೊಬೈಲಿನ ಬೆಳಕು ಹಿಡಿದು ಅಂಗಳಕ್ಕೆ ನಡೆದಳು. ನಾನೂ ಹಿಂದೆ ಹೋದೆ. ಅವಳು ಗಾಡಿಯ ಬಾಗಿಲು ತೆರೆದು ಸೀಟನ್ನು ಹಿಟ್ಟು ನಾದುವಂತೆ ಅಲ್ಲಲ್ಲಿ ಒತ್ತಿ ನೋಡಿದಳು.

"ಮೆತ್ತಗಿರೂದು ತೊಗಲೇನು, ಒಳಗಿಂದೇನು?"

"ಒಳಗಿನ ಫೋಮ್, ಅವ್ವಾ."

"ಹಂಗಾರ ತೊಗಲ ಯಾಕ ಬೇಕು? ಸುಲದ ಒಗಿ."

ಎರಡೂ ಸೀಟುಗಳನ್ನು ಮಿಸ್ತ್ರಿಯಿಂದ ಬಿಚ್ಚಿಸಿ ಮನೆಗೆ ತಂದೆವು. ಭಾನುವಾರ ಅಂಗಳದಲ್ಲಿ ಬ್ಲೇಡು ಹಿಡಿದು ಕೂತೆವು. ಹೊಲಿಗೆ ಗಟ್ಟಿಯಾಗಿತ್ತು, ಎಳೆದಲ್ಲೆಲ್ಲ ಬೆರಳು ಕೆಂಪಾದವು. ಅಂಥ ಚಂದದ ವಸ್ತುವನ್ನು ಕೊಯ್ಯುತ್ತಿದ್ದೇವಲ್ಲ ಎಂಬ ಕಳವಳ ನನಗಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ತೊಗಲು ಕಳಚಿದ ಮೇಲೆ ಹಳದಿ ಫೋಮು ಬತ್ತಲೆಯಾಗಿ, ಬಡಕಲಾಗಿ ಕಂಡಿತು. ಅವ್ವ ತನ್ನ ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಕಾಲೇಜು ದಿನಗಳ ಚೂಡಿದಾರದ ಬಟ್ಟೆಯನ್ನು ಪದರ ಪದರವಾಗಿಟ್ಟು ಕೌದಿ ಹೊಲಿಯುವಂತೆಯೇ ಸಾಲು ಹೊಲಿಗೆ ಹಾಕಿದಳು. ಸೀಟಿನ ಮೈಗೆ ಸರಿಯಾಗಿ ಹೊದಿಸಿ ಕೆಳಗೆ ಕಸೆ ಕಟ್ಟಿದಳು. ಕೆಲಸ ಮುಗಿಯುವುದಕ್ಕೆ ಆ ಭಾನುವಾರ ಸಾಲಲಿಲ್ಲ. ಅಷ್ಟು ದಿನವೂ ಸವಣೂರಿನ ಎಲೆ ಬೇರೆಯವರ ಗಾಡಿಯಲ್ಲಿ ಹೋಯಿತು.

ಸುಲಿದ ತೊಗಲನ್ನು ಮಿಸ್ತ್ರಿ ಕೇಳಿಕೊಂಡು ಹೋಗಿ ಗ್ಯಾರೇಜಿನ ಸ್ಟೂಲಿಗೆ ಬಡಿದುಕೊಂಡರು. ಈಗ ಅಪ್ಪ ಅಲ್ಲಿಗೆ ಹೋದರೆ ಅದರ ಮೇಲೆಯೇ ಕೂತು ಹರಟೆ ಹೊಡೆಯುತ್ತಾನೆ. "ಇಲ್ಲಿ ಏನ್ ಪೂಜಿ ಮಾಡಾಕತ್ತೇನ?" ಎನ್ನುತ್ತಾನೆ.

ಸೀಟು ಮತ್ತೆ ಗಾಡಿ ಸೇರಿದ ಮೇಲೆ ಇನ್ನೊಮ್ಮೆ ರಜೆ ಹಾಕಿ ನಾನು ಅವನ ಜೊತೆ ಹೋದೆ. ಸವಣೂರಿನಲ್ಲಿ ಅವನು ಚಪ್ಪಲಿ ಬಿಟ್ಟು, ಎಡಗಡೆಯ ಸೀಟಿಗೆ ದಾಟಿ, ಅವ್ವನ ಸೀರೆಯ ಅಂಚಿನ ಮೇಲೆ ಕಾಲು ಮಡಚಿ ಕೂತ. ನಾನು ಗಾಡಿಗೆ ಬೆನ್ನು ಮಾಡಿ ತೋಟದ ಕಡೆ ನೋಡುತ್ತ ನಿಂತೆ. ಎಲೆಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಡಬ್ಬಿಯ ಮುಚ್ಚಳ ತೆರೆದ ಸದ್ದು ಬಂತು.

"ಬಾ, ರೊಟ್ಟಿ ತಿನ್ನು. ಎಲಿ ಬಾಡ್ತಾವು."

ಶಿಗ್ಗಾವಿಯಲ್ಲಿ ಅಂಗಡಿಯವರೇ ಬಂದು ಪೆಂಡಿ ಇಳಿಸಿಕೊಂಡರು, ಹಾನಗಲ್ಲಿನಲ್ಲಿಯೂ ಅಷ್ಟೆ. ಅಪ್ಪ ಕೆಳಗಿಳಿಯಲಿಲ್ಲ. ಹಾನಗಲ್ಲು ದಾಟಿದ ಮೇಲೆ ಅವನ ಎಡಗೈ ಆಗಾಗ ಸೊಂಟಕ್ಕೆ ಹೋಗಿ ಬರುತ್ತಿತ್ತು.

"ನೋಯಾಕತ್ತೈತೇನಪಾ?"

"ನೋವ ಐತಿ. ಹಿಂದಿನಷ್ಟಿಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ: "ಈ ವರ್ಷ ಓಡಸ್ತೇನಿ. ಮುಂದಿನ ವರ್ಷದ್ದು ನನಗ ಕೇಳಬ್ಯಾಡ."

ಹಿರೇಕೆರೂರಿನಲ್ಲಿ ಗಾಡಿ ನಿಂತಾಗ ಅವನು ಒಂದು ಕಾಲು ಕೆಳಗಿಟ್ಟು, ಬಾಗಿಲು ಹಿಡಿದು ಕ್ಷಣ ಹೊತ್ತು ಹಾಗೆಯೇ ನಿಂತ. ನಾನು ಇಳಿದು ಅವನ ಪಕ್ಕಕ್ಕೆ ಬಂದಿದ್ದೆ, ಕೈ ಚಾಚಲಿಲ್ಲ. ಅವನು ಇನ್ನೊಂದು ಕಾಲನ್ನೂ ಇಳಿಸಿ, ನಿಧಾನವಾಗಿ ತಾನೇ ನೆಟ್ಟಗಾದ. ಆಮೇಲೆ ಒಳಗೆ ಬಾಗಿ, ಸರಿದುಹೋಗಿದ್ದ ಕೌದಿಯ ಅಂಚನ್ನು ಎಳೆದು ಸರಿಮಾಡಿ ಬಾಗಿಲು ಹಾಕಿದ.