ಬೇರೆ ತಂಬಿಗೆ

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ನೀರಿನ ಬಾಟಲಿ ಮಾರುವುದನ್ನು ನಿಲ್ಲಿಸಿದಾಗ ಊರಲ್ಲಿ ಯಾರಿಗೂ ಏನೂ ಅನಿಸಿರಲಿಕ್ಕಿಲ್ಲ. ನನ್ನ ಎದೆ ಮಾತ್ರ ಧಸಕ್ಕೆಂದಿತು.

ನಾನು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವವಳು. ಹುಟ್ಟಿದ್ದು ಆಳಂದ ತಾಲೂಕಿನ ಹಳ್ಳಿಯಲ್ಲಿ, ಬಹಳ ವರ್ಷ ನೌಕರಿ ಮಾಡಿದ್ದು ಜೇವರ್ಗಿಯಲ್ಲಿ, ವರ್ಗವಾಗಿ ಬಂದದ್ದು ಇಲ್ಲಿಗೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಸುಸ್ತಾಗಿ ಬಿಟ್ಟಿದ್ದಾರೆ. ಒಬ್ಬಳಿಗಾಗಿ ರೊಟ್ಟಿ ಬಡಿಯುವುದೆಂದರೆ ನನಗೆ ಆಗದು. ಒಬ್ಬಳೇ ಮಾಡಿ, ಒಬ್ಬಳೇ ಉಂಡು, ಒಬ್ಬಳೇ ಭಾಂಡೆ ತಿಕ್ಕಿಟ್ಟರೆ ಬಾಡಿಗೆಯ ಎರಡು ಕೋಣೆಗಳೂ ಇನ್ನಷ್ಟು ದೊಡ್ಡವಾಗಿ ಕಾಣುತ್ತವೆ. ಹಾಗಾಗಿ ಸಂಜೆಯ ಊಟ ಖಾನಾವಳಿಯಲ್ಲೇ. ಅಲ್ಲಿ ಕಂಡಕ್ಟರುಗಳು, ಮಾರ್ಕೆಟ್ಟಿಗೆ ತೊಗರಿ ತಂದವರು, ಕೊನೆಯ ಬಸ್ಸಿಗೆ ಕಾಯುವವರು ಜೋರಾಗಿ ಮಾತಾಡುತ್ತ ಉಣ್ಣುತ್ತಾರೆ. ನನ್ನೊಡನೆ ಯಾರೂ ಮಾತಾಡುವುದಿಲ್ಲ, ಆದರೆ ಮಾತು ಕಿವಿಗೆ ಬೀಳುತ್ತದಲ್ಲ, ಅಷ್ಟೇ ಸಾಕು ಎನ್ನುವ ಸ್ಥಿತಿಗೆ ಬಂದಿದ್ದೆ.

ಬಾಟಲಿಯ ಉಪಕಾರ ಏನೆಂದು ಹೇಳಬೇಕು. ನಮ್ಮ ಕಡೆ ಹೊಸಬರು ಕಂಡರೆ ಮೊದಲು "ಯಾವೂರ್ರಿ?" ಅನ್ನುತ್ತಾರೆ. ಆಮೇಲೆ "ಅಲ್ಲಿ ಯಾವ ಓಣಿರಿ?" ಅನ್ನುತ್ತಾರೆ. ಅಡ್ಡಹೆಸರು ಕೇಳುವ ಹೊತ್ತಿಗೆ ಜಾತಿ ಅವರ ಕೈಗೆ ಸಿಕ್ಕಿರುತ್ತದೆ. ಸೀಲು ಒಡೆಯದ ಬಾಟಲಿ ಈ ಊರು, ಓಣಿಗಳ ಉಸಾಬರಿಗೆ ಬರುವುದಿಲ್ಲ. ಅದನ್ನು ಕೊಂಡರೆ ಯಾರ ಕೊಡವನ್ನೂ ಮುಟ್ಟಬೇಕಿಲ್ಲ, ಯಾರೂ ಮೇಲಿಂದ ಸುರಿಯಬೇಕಿಲ್ಲ.

ನಮ್ಮ ಹಳ್ಳಿಯ ಶಾಲೆಯಲ್ಲಿ ನಮ್ಮ ಓಣಿಯ ಮಕ್ಕಳು ಬೊಗಸೆ ಒಡ್ಡಿ ನಿಲ್ಲಬೇಕಿತ್ತು, ಬೇರೆ ಯಾರಾದರೂ ನೀರು ಸುರಿಯಬೇಕಿತ್ತು. ಒಂದು ಮಧ್ಯಾಹ್ನ ಸುರಿಯುವವರು ಯಾರೂ ಕಾಣಲಿಲ್ಲವೆಂದು ನಾನೇ ನೀರಿನ ಹರವಿಯ ಮುಚ್ಚಳ ತೆಗೆದು ಗ್ಲಾಸು ಅದ್ದಿ ಕುಡಿದೆ. ನೋಡಿದವರು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆ ಮಣ್ಣಿನ ಹರವಿಯನ್ನು ಶಾಲೆಯ ಹಿಂದೆ ಒಯ್ದು ಒಡೆದು, ಹೊಸದೊಂದನ್ನು ತಂದಿಟ್ಟರು. ಮುಂದೆ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ. ನಾನು ಎಂ.ಎ. ಮಾಡಿ ನೌಕರಿ ಹಿಡಿದೆ. ಆದರೂ ಹತ್ತು ಮಂದಿ ಕುಡಿಯುವ ಕೊಡದ ಮುಂದೆ ನನ್ನ ಕೈ ಇವತ್ತಿಗೂ ನಿಂತುಬಿಡುತ್ತದೆ. ಓದಿದ್ದೆಲ್ಲ ತಲೆಗೆ ಹೋಗಿದೆ, ಕೈಗೆ ಇಳಿದಿಲ್ಲ.

ಖಾನಾವಳಿ ನಡೆಸುವವಳು ನನಗಿಂತ ಸ್ವಲ್ಪ ಹಿರಿಯಳು, ಗಂಡ ತೀರಿಕೊಂಡವಳು. ಎಲ್ಲರೂ ಅಕ್ಕ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಖಾಲಿ ಬಾಟಲಿಗಳೆಲ್ಲ ಹಿತ್ತಲ ಗಟಾರದಲ್ಲಿ ಸಿಕ್ಕಿಕೊಂಡು, ಒಂದು ಮಳೆಗೆ ಹೊಲಸು ನೀರು ಅಡಿಗೆಮನೆಗೇ ನುಗ್ಗಿತಂತೆ. "ಸಾಕಾಯ್ತ್ರಿ ಇದರ ಸಹವಾಸ. ಸುಟ್ರ ಹೊಗಿ, ಒಗದ್ರ ಗಟಾರ ಕಟ್ತದ. ಇನ್ನ ಮ್ಯಾಲ ಬಾಟ್ಲಿ ಮಾರಂಗಿಲ್ಲ," ಎಂದು ಬಾಗಿಲ ಬಳಿ ಫಿಲ್ಟರ್ ನೀರು ತುಂಬಿದ ಎರಡು ಹರವಿ ಇಡಿಸಿದಳು. ಬೇಕಾದವರು ಗ್ಲಾಸು ಅದ್ದಿ ಕುಡಿಯಬೇಕು. ಅವಳು ಮಾಡಿದ್ದು ಸರಿಯೇ. ಪರಿಸರ ದಿನಕ್ಕೆ ಕಾಲೇಜಿನಲ್ಲಿ ಪ್ಲಾಸ್ಟಿಕ್ ಬಿಡಿ ಎಂದು ಗಂಟಲು ಹರಿದುಕೊಳ್ಳುವವಳು ನಾನೇ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬಂತೆ ದಿನಾ ಸಂಜೆ ಬಾಟಲಿ ಕೊಳ್ಳುತ್ತಿದ್ದವಳೂ ನಾನೇ.

ಆ ಸಂಜೆ ಹರವಿಯ ತನಕ ಹೋದೆ, ಕೈ ತೊಳೆಯಲು ಎದ್ದವಳಂತೆ ಪಕ್ಕಕ್ಕೆ ಹೊರಳಿದೆ. ಮರುದಿನದಿಂದ ಮನೆಯಿಂದಲೇ ಸ್ಟೀಲಿನ ಬಾಟಲಿಯಲ್ಲಿ ನೀರು ಒಯ್ಯತೊಡಗಿದೆ.

ಅಕ್ಕ ಅದನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು, ಅವಳು ನನ್ನ ಟೇಬಲ್ಲಿನ ಕಡೆ ನಡೆದು ಬಂದಾಗ ಬಾಟಲಿಯನ್ನು ಚೀಲದೊಳಗೆ ಸರಿಸಿದೆ. ಅವಳ ಕೈಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ತಂಬಿಗೆ ಇತ್ತು.

"ನನಗ ತಿಳೀಲಿಲ್ಲರಿ ಮೇಡಂ. ನೀವು ಆಚಾರದ ಮಂದಿ, ಎಲ್ಲಾರೂ ಕೈ ಅದ್ದಿದ ನೀರು ಹ್ಯಾಂಗ ಕುಡೀತೀರಿ? ಇದು ನಿಮಗ ಅಂತೇ ಬ್ಯಾರೆ ಇಟ್ಟೇನಿ. ಯಾರೂ ಮುಟ್ಟಂಗಿಲ್ಲ."

ಒಬ್ಬಳೇ ಮೂಲೆಯಲ್ಲಿ ಕೂರುತ್ತೇನೆ, ಪುಸ್ತಕದ ಭಾಷೆ ಆಡುತ್ತೇನೆ, ಮನೆಯ ನೀರನ್ನೇ ಕುಡಿಯುತ್ತೇನೆ. ಇವಳು ಮಡಿಯವಳು ಎಂದು ಅಕ್ಕ ಲೆಕ್ಕ ಹಾಕಿದ್ದಳು. ಮೊದಲು ನಗು ಬಂತು. ನಗುವಿನ ಹಿಂದೆಯೇ ಸಿಟ್ಟು ಬಂತು. ಎರಡನ್ನೂ ನುಂಗಿ, "ಆಗ್ಲಿ ಅಕ್ಕಾ," ಅಂದೆ.

ಆ ತಂಬಿಗೆ ಗೋಡೆಯ ಗೂಡಿನಲ್ಲಿ ಒಂಟಿಯಾಗಿ ಇರುತ್ತಿತ್ತು. ನಾನು ಬಂದೊಡನೆ ಅಕ್ಕ ತಾನೇ ತುಂಬಿ ತರುತ್ತಿದ್ದಳು. ತಂದವಳು ಬರಬರುತ್ತ ಎದುರಿಗೆ ಕೂರತೊಡಗಿದಳು. ಮೊಣಕಾಲು ನೋವು, ಸೋಲಾಪುರಕ್ಕೆ ಕೊಟ್ಟ ಮಗಳು, ಪುಂಡಿಪಲ್ಯಕ್ಕೆ ಈಗಿನ ಹುಡುಗಿಯರು ಹಾಕುವ ಎಣ್ಣೆ, ಎಲ್ಲ ಹೇಳಿದಳು. ಜ್ವರ ಬಂದು ನಾನು ಹೋಗದಿದ್ದ ದಿನ ಗಂಜಿ ಕಳಿಸಿದಳು. ನನ್ನ ತಾಯಿ ಹೋದ ಮೇಲೆ ನಾನು ಊಟಕ್ಕೆ ಬರಲಿಲ್ಲವೆಂದು ಗಮನಿಸಿದ ಮೊದಲ ವ್ಯಕ್ತಿ ಇವಳು. ಸಂಜೆ ಆಗಲಿ ಎಂದು ಮಧ್ಯಾಹ್ನದಿಂದಲೇ ಕಾಯುವಂತಾದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಅವಳು ಮಾತಾಡುತ್ತಿದ್ದುದು ನನ್ನೊಡನೆ ಅಲ್ಲ, ತಾನು ಕಲ್ಪಿಸಿಕೊಂಡ ಬೇರೊಬ್ಬ ಮೇಡಂ ಒಡನೆ ಎಂಬ ಸಂಕಟ ಬಾಯಲ್ಲಿ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಉಗುಳಲೇಬೇಕಾದ ದಿನ ಬಂತು. "ಮ್ಯಾಲಿನ ಖೋಲಿ ಖಾಲಿ ಆಗ್ಯದ್ರಿ ಮೇಡಂ," ಅಂದಳು. "ನೀವೇ ಬಂದ್ಬಿಡ್ರಿ. ನನಗೂ ರಾತ್ರಿ ಒಬ್ಬಾಕಿ ಇರೋದು ಬ್ಯಾಸರ. ಯಾರ್ಯಾರೋ ಬಂದು ಕೇಳಾಕತ್ತಾರ, ಕುಲ ಗೊತ್ತಿಲ್ಲ, ನೆಲಿ ಗೊತ್ತಿಲ್ಲ. ನಿಮ್ಮಂಥವರಿದ್ರ ಚಿಂತಿಲ್ಲ."

ಹೂಂ ಅಂದಿದ್ದರೆ ಆಗುತ್ತಿತ್ತು. ಮೆಟ್ಟಿಲ ಕೆಳಗೆ ಒಂದು ಜೀವ, ಬೆಳಿಗ್ಗೆ ಎದ್ದರೆ ಒಂದು ದನಿ. ಆಸೆ ಎಷ್ಟಿತ್ತೆಂದರೆ ಕಿಟಕಿ ಯಾವ ಕಡೆ ಇರಬಹುದು ಎಂದೂ ಯೋಚಿಸಿಬಿಟ್ಟೆ. ಆದರೆ ಸುಳ್ಳಿನ ಮೇಲೆ ಹಾಸಿಗೆ ಹಾಸಿ ಮಲಗುವುದು ನನ್ನಿಂದಾಗದು.

"ಅಕ್ಕಾ, ನಾವು ಬೌದ್ಧರು," ಅಂದೆ. "ನಮ್ಮಪ್ಪ ದೀಕ್ಷಾ ತಗೊಂಡಿದ್ದ. ಅದಕ್ಕೂ ಮೊದಲ ನಮ್ಮ ಮನಿ ಊರ ಹೊರಗಿತ್ತು. ಹರವಿ ಮುಟ್ಟಾಕ ನನಗ ಅಂಜಿಕಿ ಆಗ್ತಿತ್ತು. ಅದಕ್ಕೇ ನೀರು ತರ್ತಿದ್ದೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ. "ಉಣ್ರಿ, ಬ್ಯಾಳಿ ಆರ್ತದ," ಅಂದು ಒಳಗೆ ಹೋದಳು.

ಮರುದಿನ ಹೋಗಬಾರದು ಎಂದುಕೊಂಡೇ ಹೋದೆ. ಎಂದಿನಂತೆ ರೊಟ್ಟಿ, ಪಲ್ಯ ಬಂತು, ಶೇಂಗಾ ಹಿಂಡಿ ತುಸು ಹೆಚ್ಚೇ ಬಂತು. ಎದುರಿಗೆ ಕೂತು ಮಗಳ ಸುದ್ದಿಯನ್ನೂ ಹೇಳಿದಳು. ಖೋಲಿಯ ಮಾತು ಮಾತ್ರ ಎತ್ತಲಿಲ್ಲ. ಇವತ್ತಿನ ತನಕ ಎತ್ತಿಲ್ಲ.

ತಂಬಿಗೆಯೂ ಬಂತು, ಅದೇ ಗೂಡಿನಿಂದ, ಅಷ್ಟೇ ಫಳಫಳ. ಕೈಗೆ ಕೊಟ್ಟಳೋ ಟೇಬಲ್ಲಿನ ಮೇಲಿಟ್ಟಳೋ ನೋಡಬೇಕೆಂದುಕೊಂಡಿದ್ದೆ. ಟೇಬಲ್ಲಿನ ಮೇಲಿಟ್ಟಳು. ಮೊದಲೂ ಹಾಗೇ ಇಡುತ್ತಿದ್ದಳೋ ಏನೋ, ಎಷ್ಟು ನೆನೆದರೂ ನೆನಪಾಗಲಿಲ್ಲ.

"ಅಕ್ಕಾ, ಇನ್ನ ಇದು ಬ್ಯಾಡ್ರಿ. ನಾನೂ ಎಲ್ಲಾರಂಗ ಹರವ್ಯಾಗಿಂದು ತಗೋತೇನಿ," ಅಂದೆ. ಅಷ್ಟು ಹೇಳಲು ನನಗೆ ಐವತ್ತು ವರ್ಷ ಹಿಡಿದಿತ್ತು.

ಅಕ್ಕ ಟೇಬಲ್ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇರ್ಲಿ ಬಿಡ್ರಿ ಮೇಡಂ," ಅಂದಳು, ಬಹಳ ಮೆಲ್ಲಗೆ, ಬಹಳ ಪ್ರೀತಿಯಿಂದಲೇ. "ಬ್ಯಾರೆ ಇದ್ದದ್ದು ರೂಢಿ ಆಗ್ಯದಲ್ಲ."