ದೀಪ ಹಾಕಿದರೆ ಏರುವ ಮುಳ್ಳು

ತೊಂಬತ್ತರ ದಶಕದಲ್ಲಿ ಕಾಫಿಗೆ ರೇಟು ಬಂದಾಗ ನಮ್ಮ ಸುತ್ತಿನ ಎಸ್ಟೇಟಿನವರೆಲ್ಲ ಏನೇನೋ ಕೊಂಡರು. ನಮ್ಮ ಯಜಮಾನರು ಬೆಂಗಳೂರಿಗೆ ಹೋಗಿ, ಎರಡೇ ಸೀಟಿನ, ಹೊಟ್ಟೆ ನೆಲಕ್ಕೆ ತಾಗುವಂಥ ಕೆಂಪು ಸ್ಪೋರ್ಟ್ಸ್ ಕಾರು ತಂದರು. ಅದೂ ಸೆಕೆಂಡ್ ಹ್ಯಾಂಡ್. ಬಾಳೂರು ಕಡೆಯ ನಮ್ಮ ತೋಟದ ರಸ್ತೆಯಲ್ಲಿ ಜೀಪೇ ಉಸ್ಸಪ್ಪಾ ಎನ್ನುತ್ತಿತ್ತು. ಈ ಕಾರು ಗೇಟಿನಿಂದ ಮನೆಯವರೆಗೆ ಬರಲು ಮೊದಲ ದಿನ ನಾಲ್ಕು ಆಳುಗಳು ಮುಂದೆ ಮುಂದೆ ಕಲ್ಲು ಎತ್ತಿ ಪಕ್ಕಕ್ಕೆ ಹಾಕಬೇಕಾಯಿತು.

ನನಗೆ ಅದನ್ನು ಓಡಿಸುವ ಆಸೆ. ಮುಚ್ಚಿಡುವುದೇನು, ನೋಡಿದ ಗಳಿಗೆಯಿಂದಲೇ ಆಸೆ. ಹನ್ನೆರಡು ವರ್ಷದಿಂದ ಜೀಪು ಓಡಿಸುತ್ತಿದ್ದವಳು ನಾನು. ಗೊಬ್ಬರದ ಮೂಟೆಯಿಂದ ಹಿಡಿದು ಹೆರಿಗೆ ನೋವಿನ ಹೆಂಗಸರವರೆಗೆ ಎಲ್ಲವನ್ನೂ ಮೂಡಿಗೆರೆಗೆ ಸಾಗಿಸಿದ್ದೆ. ಆದರೆ ಈ ಕಾರಿನ ಕೀ ಕೇಳಿದರೆ ಇವರು, "ಬೇಡ ಮಾರಾಯ್ತಿ, ಇದ್ರ ಮೀಟರ್ ಸರಿ ಇಲ್ಲ. ಇದ್ರ ಮರ್ಜಿ ನಂಗೊಬ್ಬಂಗೇ ಗೊತ್ತಿರೋದು. ರಿಪೇರಿ ಆಗ್ಲಿ, ಆಮೇಲೆ ಓಡಿಸು" ಎಂದರು.

ಮೀಟರಿನ ಕಥೆ ಇಷ್ಟೇ. ಹೆಡ್‌ಲೈಟ್ ಹಾಕಿದರೆ ಪೆಟ್ರೋಲಿನ ಮುಳ್ಳು ಸರ್ರನೆ ಏರುತ್ತಿತ್ತು, ಆರಿಸಿದರೆ ತಳಕ್ಕಿಳಿಯುತ್ತಿತ್ತು. ಎಂಜಿನ್ನಿನ ಬಿಸಿ ತೋರಿಸುವ ಪಕ್ಕದ ಮುಳ್ಳಿಗೂ ಅದೇ ಬುದ್ಧಿ. ಅಂದರೆ ದೀಪ ಹಾಕಿದರೆ ಟ್ಯಾಂಕು ಭರ್ತಿ, ಎಂಜಿನ್ ಕುದಿ. ಆರಿಸಿದರೆ ಎಂಜಿನ್ ತಣ್ಣಗೆ, ಟ್ಯಾಂಕು ಖಾಲಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರೆ. ನಮ್ಮವರು ಮಟಮಟ ಮಧ್ಯಾಹ್ನ ಹೆಡ್‌ಲೈಟ್ ಹಾಕುತ್ತಿದ್ದರು, ಪಕ್ಕದಲ್ಲಿ ಕೂತವರಿಗೆ ತುಂಬಿದ ಟ್ಯಾಂಕು ಕಾಣಲಿ ಎಂದು. ಏರಿನಲ್ಲಿ ಹೆದರಿಕೆಯಾದರೆ ದೀಪ ಆರಿಸಿ ಎಂಜಿನ್ ತಣ್ಣಗೆ ಮಾಡುತ್ತಿದ್ದರು.

ಇವರ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಇದೊಂದು ಶಾಸ್ತ್ರವೇ ಆಯಿತು. ರ‍್ಯಾಲಿ ಓಡಿಸುವ ಗೆಳೆಯರೊಬ್ಬರು ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟು ಹಾಳಾಗಿದೆ ಎಂದರು. ಫ್ಲೋಟು ಬದಲಾಯಿತು. ಘಟ್ಟದ ಕೆಳಗಿನ ಗ್ಯಾರೇಜಿನವರು ಮೀಟರನ್ನೇ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೊಸ ಮುಳ್ಳೂ ಹಾಗೆಯೇ ಕುಣಿಯಿತು. ಕೊನೆಗೆ ಇವರೇ ಒಂದು ಸೂತ್ರ ಕಂಡುಹಿಡಿದರು. ದೀಪ ಆರಿಸಿದಾಗ ಮುಳ್ಳು ಕಾಲು ತೋರಿಸಿದರೆ ಅರ್ಧ ಇದೆ ಎಂದರ್ಥ. ತಳಕ್ಕೆ ಬಿದ್ದರೂ ಕಾಲು ಟ್ಯಾಂಕು ಗ್ಯಾರಂಟಿ. ಆಮೇಲೆ ರಿಪೇರಿಯ ಮಾತೇ ನಿಂತಿತು. ರಿಪೇರಿಯಾದರೆ ಸೂತ್ರದ ಗತಿ ಏನು?

ರಿಪೇರಿಯಾಗದೆ ನನಗೆ ಕೀ ಸಿಗುವಂತಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರಿನ ಮೋಟಾರು ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್ನನ್ನು ಹಿಡಿದು ಕೇಳಿದೆ.

"ಕಾರಿನ ವಿಷ್ಯ ನಂಗೊತ್ತಿಲ್ಲ ಅಮ್ಮಾವ್ರೇ," ಎಂದ. "ಆದ್ರೆ ದೀಪ ಹಾಕಿದ್ ಕೂಡ್ಲೆ ಮುಳ್ಳು ಏರ್ತದೆ ಅಂದ್ರೆ ಅರ್ತ್ ಸಡ್ಲ ಆಗಿರ್ಬೇಕು. ಕರೆಂಟಿಗೆ ವಾಪಸ್ ಹೋಗೋ ದಾರಿ ಸರಿ ಇಲ್ಲ."

"ಸ್ವಲ್ಪ ನೋಡ್ತೀಯಾ?"

"ಅಯ್ಯೋ, ಸಾಹುಕಾರ್ರ ಕಾರು! ನಂಗೆ ಪಲ್ಪರೇ ಸಾಕು. ಡ್ಯಾಶ್‌ಬೋರ್ಡಿನ ಅಡೀಲಿ ಒಂದು ಕರೀ ವೈರನ್ನ ಕಾರಿನ ತಗಡಿಗೆ ಬೋಲ್ಟ್ ಮಾಡಿರ್ತಾರೆ. ನೀವೇ ನೋಡಿ."

ಎಂಬತ್ತು ಎಕರೆ ಅರ್ತ್ ಇಟ್ಟುಕೊಂಡವರ ಕಾರಿನಲ್ಲಿ ಅದಕ್ಕೇ ತತ್ವಾರ ಎಂದು ನಗು ಬಂತು.

ಇವರು ಗೆಳೆಯರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಸಭೆಗೆ ಹೋದ ದಿನ ಕಾರಿನ ಶೆಡ್ಡಿಗೆ ನುಗ್ಗಿದೆ. ಕೀ ಇವರ ಜೇಬಿನಲ್ಲಿತ್ತು. ಕಾರಿನ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಮಾತ್ರ ಇರಲಿಲ್ಲ. ಸೀರೆ ಎತ್ತಿ ಕಟ್ಟಿ, ಸೀಟಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಪೆಡಲುಗಳ ಹತ್ತಿರ ತೂರಿಸಿದೆ. ಕರಿ ವೈರು ಸಿಕ್ಕಿತು. ತುದಿಗೆ ಹಸಿರು ಕಿಲುಬು ಹಿಡಿದಿತ್ತು, ಬೋಲ್ಟು ಬೆರಳಿನಲ್ಲೇ ತಿರುಗುತ್ತಿತ್ತು. ಉಪ್ಪು ಕಾಗದದಿಂದ ಉಜ್ಜಿ, ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ.

ಎರಡು ದಿನದ ಮೇಲೆ ಸಂಜೆ ಮೂಡಿಗೆರೆಯಿಂದ ಬರುವಾಗ ಇವರು ದೀಪ ಹಾಕಿದರು. ನಾನು ಪಕ್ಕದಲ್ಲಿ ಕೂತು ಮುಳ್ಳನ್ನೇ ನೋಡುತ್ತಿದ್ದೆ. ಮುಳ್ಳು ಇದ್ದಲ್ಲೇ ನಿಂತಿತು. ಇವರು ಅದರ ಕಡೆ ನೋಡಲೇ ಇಲ್ಲ.

"ರೀ, ಮುಳ್ಳು ಕುಣಿಯೋದು ನಿಂತಿದೆ. ಅರ್ತ್ ಸಡ್ಲ ಆಗಿತ್ತು, ನಾನೇ ಬಿಗಿ ಮಾಡ್ದೆ."

ಇವರು ನಕ್ಕರು. "ಘಟ್ಟದ ಕೆಳ್ಗಿನೋರ ಕೈಲಾಗ್ದೇ ಇದ್ದಿದ್ದು! ಸುಮ್ನೆ ಕೂತ್ಕೊ ಮಾರಾಯ್ತಿ."

ನಾನು ಹೇಳುವುದನ್ನು ಹೇಳಿಯಾಗಿತ್ತು.

ಮುಂದಿನ ವಾರ ಕಳಸಕ್ಕೆ ಹೊರಟವರು ದಾರಿಯ ಅಂಗಡಿಯೊಂದರಿಂದ ಫೋನ್ ಮಾಡಿದರು. ಕಾರು ಏರಿನಲ್ಲಿ ನಿಂತಿದೆ, ಯಾಕೋ ಗೊತ್ತಿಲ್ಲ ಎಂದರು. ಮುಳ್ಳು ಎಲ್ಲಿದೆ ಎಂದು ಕೇಳಿದೆ.

"ತಳದಲ್ಲಿದೆ. ಅಂದ್ರೆ ಕಾಲು ಟ್ಯಾಂಕ್ ಇದ್ದೇ ಇದೆಯಲ್ಲ!"

ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಿ ಜೀಪು ಹತ್ತಿದೆ. ನಮ್ಮ ಜೀಪಿನ ಮೀಟರುಗಳು ಸತ್ತು ಎಷ್ಟೋ ವರ್ಷವಾಗಿತ್ತು. ಟ್ಯಾಂಕಿಗೆ ಕಾಫಿ ಕಡ್ಡಿ ಇಳಿಬಿಟ್ಟು ಡೀಸೆಲ್ ನೋಡಿಕೊಂಡೇ ಹೊರಟೆ. ಅಲ್ಲಿ ಬಾನೆಟ್ ಎತ್ತಿತ್ತು, ದಾರಿಹೋಕರು ಮೂವರು ಒಳಗೆ ಇಣುಕುತ್ತಿದ್ದರು. ನಾನು ಪೆಟ್ರೋಲ್ ಸುರಿದೆ. ಕಾರು ಸ್ಟಾರ್ಟ್ ಆಯಿತು. ಮೂವರೂ ನಕ್ಕರು.

"ಮೀಟರ್ ಸರಿ ಆಯ್ತಲ್ಲ. ಇಳೀರಿ, ನೀವು ಜೀಪ್ ತನ್ನಿ," ಎಂದೆ.

ಜನರ ಮುಂದೆ ಜಗಳ ಬೇಡ ಅನ್ನಿಸಿತೋ ಏನೋ, ಇಳಿದರು. ಆ ತಿರುವುಗಳಲ್ಲಿ ಕಾರು ನನ್ನ ಮಾತು ಕೇಳಿದ ರೀತಿಗೆ ಸಂತೋಷ ತಡೆಯಲಾರದೆ ಕಣ್ಣು ತುಂಬಿತು. ಹಿಂದೆ ಜೀಪಿನಲ್ಲಿ ಇವರು ಮನೆಯವರೆಗೂ ಹಾರ್ನ್ ಹೊಡೆಯುತ್ತಾ ಬಂದರು.

ಭಾನುವಾರ ಕ್ಲಬ್ಬಿನ ಗೆಳೆಯರು ಊಟಕ್ಕೆ ಬಂದರು. ನಾನು ರೊಟ್ಟಿ ಬಡಿಸುತ್ತಿದ್ದೆ.

"ಏನಿಲ್ಲ ಮಾರಾಯ, ಬರೀ ಅರ್ತ್!" ಎಂದರು ಇವರು. "ಒಳಗೆ ತಲೆ ಹಾಕಿ ನೋಡ್ದೆ, ಕರೀ ವೈರು ಸಡ್ಲ. ಎರಡು ಸುತ್ತು ಬಿಗಿ ಮಾಡ್ದೆ, ಮುಗೀತು."

ರ‍್ಯಾಲಿಯ ಗೆಳೆಯರು ತಲೆದೂಗಿದರು. "ನಂಗೂ ಮೊದ್ಲಿಂದ ಅದೇ ಡೌಟಿತ್ತು," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ರೊಟ್ಟಿಯ ಪಾತ್ರೆಯನ್ನು ಕುಕ್ಕಿದೆ. ಇವರು ಕೈತೊಳೆದು ಬಂದು, ಒಂದು ರೌಂಡ್ ಹೋಗಿ ತೋರಿಸುತ್ತೇನೆ ಎಂದು ಜೇಬು ತಡಕಿದರು. ಆಮೇಲೆ ನನ್ನ ಮುಖ ನೋಡಿದರು. ಕಾರು ಓಡಿಸಿ ತಂದ ದಿನದಿಂದ ಕೀ ನನ್ನ ಸೊಂಟದಲ್ಲಿತ್ತು.

"ನಾನು ಓಡಿಸ್ತೀನಿ," ಎಂದೆ ಎಲ್ಲರ ಮುಂದೆ. "ಇನ್ನೊಬ್ರಿಗೇ ಜಾಗ ಇರೋದು. ಯಾರು ಬರ್ತೀರಿ?"

ಗೆಳೆಯರು ಇವರ ಕಡೆ ತಿರುಗಿದರು. ಇವರೇ ಹೊರಗೆ ನಡೆದು, ಎಡಗಡೆಯ ಬಾಗಿಲು ತೆಗೆದು ಕೂತರು.