ಅಡುಗೆಮನೆ ಕಾಣದ ತತ್ತಿ

ಮಸ್ಕಿಯ ಬಜಾರಿನ ಹಿಂದಿನ ಓಣಿಯಲ್ಲಿ ಶಂಶಾದ್‌ಬೀ ಇಪ್ಪತ್ತು ವರ್ಷಗಳಿಂದ ಜಂಪರು ಹೊಲಿಯುತ್ತಾಳೆ. ಹಟ್ಟಿಯ ಗಣಿ ಕಾರ್ಮಿಕನ ಮಗಳು. ಗಂಡ ನಬೀಸಾಬ್ ಸಿಂಧನೂರಿನ ಅಕ್ಕಿ ಮಿಲ್ಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ವಿಜ್ಞಾನ ಅವಳ ಮನೆಗೆ ತಾನಾಗಿ ಬಂತು. ಮನೆಯಲ್ಲೇ ಪ್ರಯೋಗ ಮಾಡಿಸಿ ಎಂದು ಶಾಲೆಗಳು ಹೇಳತೊಡಗಿದ ಮೇಲೆ, ಓಣಿಯ ಮನೆಗಳಿಗೆ ಬೇಡವಾದ ಪ್ರಯೋಗಗಳೆಲ್ಲ ಅವಳ ಪಡಸಾಲೆ ಸೇರಿದವು. ಹೊಸ ಟೈಲ್ಸ್ ಹಾಕಿಸಿದವರು ಅಡುಗೆ ಸೋಡಾದ ಜ್ವಾಲಾಮುಖಿಯನ್ನು ಕಳಿಸಿದರು. ಬೆಂಕಿಗೆ ಹೆದರುವವರು ಮೇಣಬತ್ತಿ ಮತ್ತು ಗ್ಲಾಸನ್ನು ಕಳಿಸಿದರು. ವಿಜ್ಞಾನ ಮಕ್ಕಳಿಗೆ ಒಳ್ಳೆಯದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಕ್ಕದ ಮನೆಯಲ್ಲಿ ನಡೆದರೆ ಇನ್ನೂ ಒಳ್ಳೆಯದು.

ಎದುರು ಮನೆಯ ಹಂಪಣ್ಣನದು ಗೊಬ್ಬರದ ಅಂಗಡಿ. ಊರ ಭಜನಾ ಮಂಡಳಿಗೆ ಅವನೇ ಅಧ್ಯಕ್ಷ. ಅವನ ಮಗಳು ಆರನೇ ತರಗತಿಯ ಭಾಗ್ಯಶ್ರೀಗೆ ತತ್ತಿಯನ್ನು ವಿನೆಗರಿನಲ್ಲಿ ನೆನೆಹಾಕುವ ಪ್ರಯೋಗ ಬಂತು. ಎರಡು ದಿನದಲ್ಲಿ ಸಿಪ್ಪೆ ಕರಗಿ, ತತ್ತಿ ಪುಟಿಯುವ ಚೆಂಡಿನಂತಾಗುತ್ತದೆ. ಶಾಲೆಗಳ ವಿಜ್ಞಾನ ಸ್ಪರ್ಧೆಗೆ ಅದು; ಗೆದ್ದವರಿಗೆ ಬೆಂಗಳೂರಿನ ತಾರಾಲಯ ನೋಡುವ ಪ್ರವಾಸ. ಭಾಗ್ಯಶ್ರೀ ಆಗಲೇ ಬ್ಯಾಗು ತೆಗೆದಿಟ್ಟಿದ್ದಳು. ಆದರೆ ಅವಳ ಅಜ್ಜಿ ಪಾರ್ವತೆಮ್ಮನ ಯಜಮಾನಿಕೆಯ ಆ ಶಾಕಾಹಾರಿ ಮನೆಯಲ್ಲಿ ಆ ಪದಾರ್ಥದ ಹೆಸರೆತ್ತುವ ರೂಢಿಯೂ ಇಲ್ಲ.

ಹಂಪಣ್ಣ ಸಂಜೆ ಹೊಲಿಗೆ ಯಂತ್ರದ ಮುಂದೆ ಬಂದು ನಿಂತ.

"ಶಂಶಾದಕ್ಕ, ಅದನ್ನ ನಿಮ್ಮನ್ಯಾಗ ಇಡ್ತಿಯೇನು?"

"ಯಾವುದ್ನರೀ ಅಣ್ಣಾ?"

"ಅದ. ಬೆಳ್ಳಗ, ದುಂಡಗ ಇರ್ತೈತಲ್ಲ."

"ಹೆಸರು ಹೇಳಿದ್ರ ಬಾಯಾಗೇನು ಮರಿ ಆಗತೈತೇನ್ರೀ? ಇಡ್ತೀನಿ, ಹೋಗ್ರಿ."

ಗಾಜಿನ ಡಬ್ಬಿಯಲ್ಲಿ ತತ್ತಿ ನೆನೆಯಿತು. ಪಾರ್ವತೆಮ್ಮ ಹೊತ್ತಿಗೊಮ್ಮೆ ಕಟ್ಟೆಯ ಮೇಲಿಂದಲೇ, ದವಾಖಾನೆಗೆ ಸೇರಿಸಿದ ನೆಂಟರನ್ನು ವಿಚಾರಿಸುವಂತೆ ಕೇಳುತ್ತಿದ್ದಳು: "ಅದು ಹ್ಯಾಂಗೈತಿಬೇ?"

"ಮ್ಯಾಲೆಲ್ಲ ಗುಳ್ಳಿ ಎದ್ದಾವರೀ ಅಮ್ಮಾರ. ಮೈ ಸುಲಿಯಾಕತ್ತೈತಿ."

"ಶಿವನೇ," ಎಂದು ಪಾರ್ವತೆಮ್ಮ ಒಳಗೆ ಹೋಗುತ್ತಿದ್ದಳು. ಸಂಜೆ ಮತ್ತೆ ಬರುತ್ತಿದ್ದಳು.

ಸ್ಪರ್ಧೆ ಲಿಂಗಸುಗೂರಿನಲ್ಲಿ. ಹಂಪಣ್ಣ ಕಾರು ಮಾಡಿಸಿದ. ತತ್ತಿಯ ಡಬ್ಬಿಯನ್ನು ಅವನು ಮುಟ್ಟುವಂತಿಲ್ಲ, ಅಜ್ಜಿಯ ಕಣ್ಣೆದುರು ಮಗಳು ಮುಟ್ಟಿದರೆ ಮತ್ತೆ ಸ್ನಾನ. ಹಾಗಾಗಿ ಶಂಶಾದ್‌ಬೀ ಗಿರಾಕಿಗಳನ್ನು ನಾಳೆ ಬನ್ನಿರೆಂದು ಕಳಿಸಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು.

ಭಾಗ್ಯಶ್ರೀ ಚೆನ್ನಾಗಿಯೇ ಹೇಳಿದಳು. ತತ್ತಿಯನ್ನು ಗೇಣೆತ್ತರದಿಂದ ಬಿಟ್ಟಳು. ಅದು ಪುಟಿಯಿತು. ತೀರ್ಪುಗಾರ ಮೇಷ್ಟ್ರು ತಲೆದೂಗಿ, ಹಂಪಣ್ಣನ ಕಡೆ ತಿರುಗಿದರು.

"ಸ್ವಂತ ಅಡುಗೆಮನೆಯಲ್ಲಿ ಮಾಡಿದ ಪ್ರಯೋಗಗಳಿಗೆ ಮಾತ್ರ ಬಹುಮಾನ. ನಿಯಮ ಓದಿದ್ದೀರಲ್ಲ? ಇದನ್ನು ಎಲ್ಲಿ ಮಾಡಿದಿರಿ?"

ಹಂಪಣ್ಣ ನಿಯಮ ಓದಿರಲಿಲ್ಲ. ಪಕ್ಕದ ಮೇಜಿನಲ್ಲಿ ಮಗನ ನಿಂಬೆಹಣ್ಣಿನ ಬ್ಯಾಟರಿಯೊಂದಿಗೆ ನಿಂತಿದ್ದವನು ಕನಕರಾಯ, ಭಜನಾ ಮಂಡಳಿಯ ಕಾರ್ಯದರ್ಶಿ. ಬ್ಯಾಟರಿಯ ಬಲ್ಬು ಬೆಳಗುತ್ತಿರಲಿಲ್ಲವಾದ್ದರಿಂದ ಅವನಿಗೆ ಬಿಡುವಿತ್ತು. ಅವನು ಕಿವಿಯನ್ನು ಈ ಕಡೆ ಕೊಟ್ಟ.

ಎದುರು ಮನೆಯಲ್ಲಿ ಎಂದರೆ ಮಗಳ ಪ್ರವಾಸ ಹೋಗುತ್ತದೆ. ತಮ್ಮ ಮನೆಯಲ್ಲಿ ಎಂದರೆ ಮಂಡಳಿಯ ಅಧ್ಯಕ್ಷತೆ ಹೋಗುತ್ತದೆ. ಹಂಪಣ್ಣ ಶಂಶಾದ್‌ಬೀಯ ಮುಖ ನೋಡಿದ. ಅವಳು ಹುಡುಗಿಯನ್ನು ನೋಡುತ್ತಿದ್ದಳು. ಹುಡುಗಿ ಅಪ್ಪನನ್ನು ನೋಡುತ್ತಿದ್ದಳು.

"ನಮ್ಮ ಅಡಿಗಿಮನ್ಯಾಗರೀ ಸರ," ಎಂದ ಹಂಪಣ್ಣ. ಹೇಳಿದ ಮೇಲೆ ಧೈರ್ಯ ಬಂದು, "ಒಲಿ ಬಾಜೂಕ," ಎಂದೂ ಸೇರಿಸಿದ.

ಭಾಗ್ಯಶ್ರೀಗೆ ಮೊದಲ ಬಹುಮಾನ ಬಂತು. ಕನಕರಾಯನ ಮಗನಿಗೆ ಬರಲಿಲ್ಲ, ಆದರೆ ಕನಕರಾಯನ ಬಳಿ ಮೊಬೈಲಿತ್ತು. ಕಾರು ಮಸ್ಕಿ ಮುಟ್ಟುವಷ್ಟರಲ್ಲಿ ಮಂಡಳಿಯ ಗ್ರೂಪಿನಲ್ಲಿ ತತ್ತಿ ಮೂರು ಸಲ ಸುತ್ತಿ ಬಂದಿತ್ತು.

ಪಾರ್ವತೆಮ್ಮನ ಕಟ್ಟೆಯ ಮೇಲೆ ಕನಕರಾಯನ ಹೆಂಡತಿ ಕಸ್ತೂರೆಮ್ಮ ಆಗಲೇ ಬಂದು ಕುಳಿತಿದ್ದಳು. ಸುಮ್ಮನೆ ಕುಂಕುಮಕ್ಕೆ ಬಂದೆ ಎಂದಳು.

"ಹೌದೇನು ಹಂಪಣ್ಣ, ನಿಮ್ಮ ಅಡಿಗಿಮನ್ಯಾಗ ಇತ್ತಂತ? ಹಂಗಿದ್ದಿಲ್ಲಂದ್ರ ಹೇಳಿಬಿಡು. ನಮ್ಮನ್ಯಾರು ಬಹುಮಾನ ಕೊಟ್ಟ ಸರಗ ಫೋನ್ ಹಚ್ಚತಾರ."

ಹಂಪಣ್ಣ ಕಾರಿನ ಬಾಡಿಗೆ ಕೊಡುವ ನೆಪದಲ್ಲಿ ಬೆನ್ನು ತಿರುಗಿಸಿದ. ಪಾರ್ವತೆಮ್ಮ ಎದ್ದು ನಿಂತಳು. ಎರಡು ದಿನವೂ ಆ ಡಬ್ಬಿ ಎಲ್ಲಿತ್ತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ನೀನರ ಖರೇ ಹೇಳಬೇ ಶಂಶಾದಬೀ. ನಮ್ಮನ್ಯಾಗ ಬಂದಿತ್ತೇನು ಅದು?"

ಶಂಶಾದ್‌ಬೀ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾರಿನಿಂದ ಇಳಿದಳು. ಭಾಗ್ಯಶ್ರೀ ಅವಳ ತೋಳು ಹಿಡಿದಿದ್ದಳು.

"ಬಂದಿತ್ತರೀ ಅಮ್ಮಾರ. ಎರಡು ದಿನ ಒಲಿ ಬಾಜೂಕ ಇತ್ತು. ನಾನ ಕಣ್ಣಾರೆ ನೋಡೀನಿ."

ಪಾರ್ವತೆಮ್ಮ ಅವಳನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಕಸ್ತೂರೆಮ್ಮನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಕೊಡ ತುಂಬಿ, ಒಂದೇ ಒಂದು ಸಲವೂ ತತ್ತಿ ಕಾಲಿಡದ ಅಡುಗೆಮನೆಯನ್ನು ಮೂಲೆ ಮೂಲೆ ಉಜ್ಜಿ ತೊಳೆಯತೊಡಗಿದಳು.